ಬಡಿಯುತ್ತದೆ, ಸರಿ; ಯಾವಾಗ?

ಕಾರಿನ ಎಂಜಿನ್ನು ಟಕಟಕನೆ ಬಡಿಯತೊಡಗಿದರೆ ಒಡೆಯನ ಎದೆಯೂ ಜೊತೆಗೆ ಬಡಿಯುತ್ತದೆ. ಆದರೆ ಬಡಿತವೆಲ್ಲ ಒಂದೇ ಜಾತಿಯದಲ್ಲ: ಒಂದಕ್ಕೆ ರೇಡಿಯೇಟರ್ ತೊಳೆದರೆ ಸಾಕು, ಇನ್ನೊಂದಕ್ಕೆ ಕ್ರ್ಯಾಂಕೇ ಹೊರಬರಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಯಲ್ಲಿ ಈ ಬೇಸಗೆಯ ಒಂದು ಶಬ್ದಶೋಧನೆ.

ವೈಶಾಖದ ಮಧ್ಯಾಹ್ನ, ಎಡದಂಡೆ ಕಾಲುವೆಯ ನೀರು ನಿಂತು, ಬೇಸಗೆಯ ಭತ್ತವೂ ಕೊಯ್ಲಾಗಿ, ಗದ್ದೆಗಳ ಕೂಳೆಯ ಮೇಲೆ ಬಿಸಿಲ ಝಳವು ಕಣ್ಣು ಕುಕ್ಕುವಂತೆ ಕುಣಿಯುತ್ತಿರಲು, ಸಿಂಧನೂರಿನಿಂದ ಮಸ್ಕಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಬೇವಿನ ಮರದ ನೆರಳನ್ನೇ ಚಾವಣಿಯಾಗಿ ಮಾಡಿಕೊಂಡಿದ್ದ ಗ್ಯಾರೇಜೊಂದರ ಎದುರು ಬಿಳಿಯ ಕಾರೊಂದು ಬಂದು ನಿಂತಿತು. ಇಳಿದವರು ಕಾರಿಗಿಂತ ಹೆಚ್ಚು ಕಾದಿದ್ದರು.

“ಉಸ್ತಾದ್ರ, ಗಾಡಿ ಬಡಿಯಾಕತ್ತೈತ್ರಿ. ಮುಂದಿನ ವಾರ ಮನ್ಯಾಗ ಮದುವಿ ಐತಿ. ಎಂಜಿನ್ ಬಿಚ್ಚಬೇಕಾಗತೈತೇನ್ರಿ?”

“ಬಿಚ್ಚೋದು ಆಮ್ಯಾಲೆ ನೋಡಮ್ರಿ ಗೌಡ್ರ. ಮದ್ಲ ಹೇಳ್ರಿ, ಯಾವಾಗ ಬಡಿತೈತಿ? ಮುಂಜಾನಿ ಚಾಲೂ ಮಾಡಿದ ಕೂಡ್ಲೇನೋ, ಬಿಸಿ ಆದ ಮ್ಯಾಲೋ?”

“ಮುಂಜಾನಿ ಸಪ್ಪಳ ಇಲ್ರಿ. ಮಸ್ಕಿ ದಾಟಿ ಏರು ಹತ್ತುವಾಗ, ಎ.ಸಿ. ಹಾಕಿದ್ರ, ಕಿಣಿಕಿಣಿ ಅಂತೈತ್ರಿ. ಕಾಲು ತೆಗದ್ರ ನಿಂತಬಿಡತೈತಿ.”

“ಹಂಗಾದ್ರ ಎಂಜಿನ್ ಬಿಚ್ಚೋದು ಬ್ಯಾಡ್ರಿ. ಬಿಸಿ ಜಾಸ್ತಿ ಆಗಾಕತ್ತೈತಿ. ಎಲ್ಲಿ ಅಂತ ನೋಡಮು.”

ಹೀಗೆಂದವನು ಬಾನೆಟ್ಟನ್ನು ಎತ್ತದೆ ಕಾರಿನ ಮುಖದೆದುರು ಮಂಡಿಯೂರಿ ಕುಳಿತು, ಜಾಲರಿಯ ಸಂದಿನಲ್ಲಿ ಬೆರಳು ತೂರಿಸಿ, ಒಂದು ಚಿಟಿಕೆ ಹೊಟ್ಟನ್ನು ಈಚೆಗೆ ತೆಗೆದು ತೋರಿಸಿದನು. ಕೊಯ್ಲಿನ ಯಂತ್ರಗಳ ಹಿಂದೆಯೂ ಭತ್ತ ತುಂಬಿದ ಟ್ರ್ಯಾಕ್ಟರುಗಳ ಹಿಂದೆಯೂ ತಿಂಗಳುಗಟ್ಟಲೆ ಓಡಾಡಿದ ಕಾರಿನ ರೇಡಿಯೇಟರು ತನ್ನ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಆ ಋತುವಿನ ಧೂಳನ್ನೂ ಜೊಳ್ಳನ್ನೂ ಸಂಗ್ರಹಿಸಿಟ್ಟುಕೊಂಡಿತ್ತು. ಎಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆದದ್ದೇ ಆ ಮಧ್ಯಾಹ್ನದ ಮುಖ್ಯ ಚಿಕಿತ್ಸೆಯಾಯಿತು.

ಇಲ್ಲಿ ಪ್ರಶ್ನೆಯ ಕ್ರಮವು ಗಮನಾರ್ಹವಾದುದು. ಸದ್ದು ಎಲ್ಲಿಂದ ಬರುತ್ತದೆಂದು ಕೇಳುವುದಕ್ಕೆ ಮುನ್ನ ಯಾವಾಗ ಬರುತ್ತದೆಂದು ಕೇಳಲಾಯಿತು. ಏಕೆಂದರೆ ಎರಕದ ಲೋಹದ ಒಡಲಿನಲ್ಲಿ ಶಬ್ದವು ಹರಿದಾಡಿ, ಮುಂದೆ ಹುಟ್ಟಿದ್ದು ಹಿಂದೆ ಕೇಳಿಸಿ, ಕಿವಿಯನ್ನು ದಾರಿ ತಪ್ಪಿಸುವುದುಂಟು, ಕಾಲವಾದರೋ ಹಾಗೆ ಮೋಸಮಾಡುವುದು ಕಡಿಮೆ. ಈ ಒಂದು ಪ್ರಶ್ನೆಯನ್ನು ಕೇಳದೆ ಪಾನಾ ಕೈಗೆತ್ತಿಕೊಳ್ಳುವ ಮೆಕ್ಯಾನಿಕನ ಬಳಿ ಎಂಜಿನ್ನನ್ನು ಬಿಟ್ಟುಬರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಜ್ವಾಲೆಗೆ ಮುಂಚಿನ ಕಿಚ್ಚು

ಸ್ಪಾರ್ಕ್ ಪ್ಲಗ್ಗು ಕಿಡಿಯುಗುಳಿದೊಡನೆ ಸಿಲಿಂಡರಿನೊಳಗಿನ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವೆಲ್ಲ ಒಮ್ಮೆಗೇ ಸ್ಫೋಟಿಸುತ್ತದೆಂದು ಬಹುಜನರು ಭಾವಿಸಿರುವರು. ವಾಸ್ತವದಲ್ಲಿ ಸ್ವಸ್ಥವಾದ ಎಂಜಿನ್ನಿನಲ್ಲಿ ಸ್ಫೋಟವೇ ಇಲ್ಲ. ಕಿಡಿಯಿಂದ ಹೊರಟ ಜ್ವಾಲೆಯು ಸೆಕೆಂಡಿಗೆ ಕೆಲವು ಹತ್ತು ಮೀಟರುಗಳ ವೇಗದಲ್ಲಿ ಕ್ರಮವಾಗಿ ಹಬ್ಬುತ್ತ, ಪಿಸ್ಟನ್ನನ್ನು ಒಂದೇ ಸಮನೆ ಕೆಳಕ್ಕೆ ಒತ್ತುತ್ತದೆ.

ಆದರೆ ಒಳಗೆ ಬಂದ ಗಾಳಿಯೇ ಬಿಸಿಯಾಗಿದ್ದು, ಲೋಹವೂ ಅತಿಯಾಗಿ ಕಾದು, ಎಂಜಿನ್ನಿನ ಮೇಲೆ ಭಾರವೂ ಹೆಚ್ಚಾಗಿ ಬಿದ್ದಾಗ, ಜ್ವಾಲೆಯು ಬಂದು ಮುಟ್ಟುವುದಕ್ಕೆ ಮೊದಲೇ ಕಟ್ಟಕಡೆಯ ಮೂಲೆಯಲ್ಲಿ ಉಳಿದಿದ್ದ ಮಿಶ್ರಣವು ಒತ್ತಡವನ್ನೂ ಉಷ್ಣವನ್ನೂ ತಾಳಲಾರದೆ ತಾನೇ ತಾನಾಗಿ ಹೊತ್ತಿಕೊಳ್ಳುವುದು. ಆಗ ಹುಟ್ಟುವ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಅಪ್ಪಳಿಸಿ, ಸಾಮಾನ್ಯ ಕಾರುಗಳಲ್ಲಿ ಸೆಕೆಂಡಿಗೆ ಸುಮಾರು ಆರೇಳು ಸಾವಿರ ಕಂಪನಗಳುಳ್ಳ ಲೋಹಧ್ವನಿಯಾಗಿ ಹೊರಗೆ ಕೇಳಿಸುವುವು. ಬಿಳಿಯ ಕಾರಿನ ಕಿಣಿಕಿಣಿ ಇದೇ.

ಬೇಸಗೆಯಲ್ಲಿ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ರಾಯಚೂರು ಸೀಮೆಯಲ್ಲಿ ಇದಕ್ಕೆ ಅನುಕೂಲವಾದ ಸಂದರ್ಭಗಳೆಲ್ಲ ತಾವಾಗಿ ಕೂಡಿಬರುತ್ತವೆ. ಐವರ ಗಾಡಿಯಲ್ಲಿ ಎಂಟು ಜನ, ಮೇಲೆ ಸಾಮಾನಿನ ಗಂಟು, ಒಳಗೆ ಎ.ಸಿ.; ಕಾಲುವೆ ಬಯಲಿನ ಸಪಾಟು ಮುಗಿದು ಲಿಂಗಸುಗೂರಿನ ಕಲ್ಲುಗುಡ್ಡಗಳ ಕಡೆಗೆ ದಾರಿ ಏರತೊಡಗಿದರೂ ಎಣ್ಣೆ ಉಳಿಯಲೆಂಬ ಆಸೆಯಿಂದ ಗೇರು ಇಳಿಸದೆ, ಐದನೆಯದರಲ್ಲಿಯೇ ಆಕ್ಸಿಲೇಟರನ್ನು ತುಳಿಯುತ್ತ ಕೂರುವ ಚಾಲಕ. ಮೈಲೇಜಿನ ಈ ವ್ರತವು ಎಂಜಿನ್ನನ್ನು ಕೊಲ್ಲುವಷ್ಟು ವೇಗದ ಚಪಲವೂ ಕೊಲ್ಲಲಾರದು. ಒಂದು ಗೇರು ಇಳಿಸಿ ಕಾಲನ್ನು ತುಸು ಹಗುರಮಾಡಿದರೆ ಸದ್ದಡಗುವುದಾದರೆ ರೋಗವು ಇನ್ನೂ ದಹನದಲ್ಲಿದೆ, ಲೋಹಕ್ಕೆ ಇಳಿದಿಲ್ಲವೆಂದು ತಿಳಿಯಬಹುದು.

ಅದರ ಮೇಲೆಯೂ ಸದ್ದು ಉಳಿದರೆ ನೋಡತಕ್ಕವು ಕೆಲವು. ಕೂಲಂಟಿನ ಬದಲು ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸುನೀರು ಸುರಿದಿದ್ದರೆ ಒಳಗಿನ ನಾಳಗಳಲ್ಲಿ ಸುಣ್ಣ ಕಟ್ಟಿರುವುದು. ಫ್ಯಾನು ಸಕಾಲದಲ್ಲಿ ತಿರುಗದಿರಬಹುದು. ತಪ್ಪಾದ ಉಷ್ಣಶ್ರೇಣಿಯ ಪ್ಲಗ್ಗಿನ ತುದಿ ಕೆಂಡವಾಗಿ ಕಾದು ಕಿಡಿಗೆ ಮುಂಚೆಯೇ ಮಿಶ್ರಣವನ್ನು ಹೊತ್ತಿಸುತ್ತಿರಬಹುದು. ಪಿಸ್ಟನ್ನಿನ ತಲೆಯ ಮೇಲೆ ಕಟ್ಟಿದ ಮಸಿಯು ಸ್ಥಳವನ್ನು ಕಿರಿದಾಗಿಸಿ ಒತ್ತಡವನ್ನು ಏರಿಸಿರಬಹುದು. ಎಂಜಿನ್ನು ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಚಟವೊಂದು ನಮ್ಮ ಗ್ಯಾರೇಜುಗಳಲ್ಲಿದೆ. ರೇಡಿಯೇಟರಿನಲ್ಲಿ ಹೊಟ್ಟು ತುಂಬಿರುವಾಗ ಇದರಿಂದ ಯಾವ ಪ್ರಯೋಜನವೂ ಇಲ್ಲ. ಚಳಿಗಾಲದಲ್ಲಿ ಎಂಜಿನ್ನು ಬಿಸಿಯೇರದೆ ಎಣ್ಣೆ ಕುಡಿಯುವುದಷ್ಟೇ ಲಾಭ.

ಕೆಂಪು ಬಣ್ಣದ ಭ್ರಮೆ, ಸೀಸದ ಪಾಪ

ಈ ಕಿಣಿಕಿಣಿಯ ಮೂಲವನ್ನು ಅರಸಿಕೊಂಡು ನಡೆದ ಅನ್ವೇಷಣೆಯ ಕಥೆ ಸ್ವಾರಸ್ಯವಾಗಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ, ಚಾರ್ಲ್ಸ್ ಕೆಟರಿಂಗನ ಸಹಾಯಕನಾಗಿದ್ದ ಥಾಮಸ್ ಮಿಜ್ಲಿ ಎಂಬ ತರುಣ ಎಂಜಿನಿಯರನು, ಹಳ್ಳಿಮನೆಗಳಿಗೆ ವಿದ್ಯುದ್ದೀಪ ಉರಿಸುವ ಸೀಮೆಎಣ್ಣೆಯ ಎಂಜಿನ್ನು ಏಕೆ ಬಡಿಯುತ್ತದೆಂದು ತಲೆ ಕೆಡಿಸಿಕೊಂಡಿದ್ದನು. ಹಿಮ ಕರಗುವ ಮುನ್ನವೇ ಚಿಗುರುವ ಒಂದು ಗಿಡಕ್ಕೆ ಕೆಂಪು ಎಲೆಗಳಿರುವುದನ್ನು ನೆನೆದು, ಎಣ್ಣೆಗೂ ಕೆಂಪು ಬಣ್ಣ ಬೆರೆಸಿದರೆ ಅದು ಉಷ್ಣವನ್ನು ಹೀರಿ ಬೇಗನೆ ಆವಿಯಾಗಬಹುದೆಂದು ಅವರಿಬ್ಬರು ಊಹಿಸಿದರು. ಕೈಗೆ ಕೆಂಪು ಬಣ್ಣ ಸಿಗಲಿಲ್ಲ, ಅಯೋಡಿನ್ ಸಿಕ್ಕಿತು. ಹಾಕಿದರೆ ಬಡಿತ ಅಡಗಿತು!

ಬಳಿಕ ನಿಜವಾದ ಕೆಂಪು ಬಣ್ಣಗಳನ್ನು ತಂದು ಹಾಕಿ ನೋಡಿದರೆ ಒಂದೂ ನಡೆಯಲಿಲ್ಲ. ಊಹೆ ತಪ್ಪು, ಫಲ ಸರಿ. ಚಿನ್ನವನ್ನರಸುತ್ತ 1915ರಲ್ಲಿ ಮಸ್ಕಿಯ ಬಂಡೆಗಳ ನಡುವೆ ತಿರುಗಾಡಿದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಚಿನ್ನದ ಬದಲು ಅಶೋಕನ ಹೆಸರುಳ್ಳ ಶಾಸನವೇ ದೊರೆತದ್ದನ್ನು ಬಲ್ಲ ಈ ಸೀಮೆಯವರಿಗೆ ಇಂಥ ಆಕಸ್ಮಿಕವು ಹೊಸತೆನಿಸಲಾರದು.

ಅಯೋಡಿನ್ ದುಬಾರಿಯಾದುದು, ಲೋಹವನ್ನು ತಿನ್ನುವಂಥದು. ಅನೇಕ ದ್ರವ್ಯಗಳನ್ನು ಪರೀಕ್ಷಿಸಿದ ತರುವಾಯ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸವು ಬಡಿತವನ್ನು ಸಂಪೂರ್ಣವಾಗಿ ಅಡಗಿಸುವುದೆಂದು ಕಂಡುಬಂತು; 1923ರಲ್ಲಿ ಸೀಸ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಶುದ್ಧೀಕರಣಾಗಾರದಲ್ಲಿ ಆ ವಿಷದಿಂದ ಐವರು ಕೆಲಸಗಾರರು ಸತ್ತರು. ಆದರೂ ಎಂಜಿನ್ನಿನ ಶಾಂತಿಗಾಗಿ ಮನುಷ್ಯರ, ಮುಖ್ಯವಾಗಿ ಮಕ್ಕಳ, ಮಿದುಳಿಗೆ ಸೀಸವನ್ನು ಉಣಿಸುವ ಈ ವ್ಯವಹಾರವು ಮುಕ್ಕಾಲು ಶತಮಾನಕ್ಕೂ ಮೀರಿ ನಡೆಯಿತು. ಭಾರತವು 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಅದನ್ನು ಕೈಬಿಟ್ಟಿತು. ಕಾರುಗಳಿಗೆ ಸೀಸದ ಪೆಟ್ರೋಲು ಮಾರುವುದನ್ನು ಲೋಕದಲ್ಲಿ ಕಟ್ಟಕಡೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, ಅದೂ 2021ರಲ್ಲಿ.

ಈಗ ಆ ಸ್ಥಾನಕ್ಕೆ ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬಟ್ಟಿಯಿಳಿಸಿದ ಎಥೆನಾಲ್ ಬಂದಿದೆ. ಬಂಕಿನಲ್ಲಿ ಇ20 (ಶೇ 20ರಷ್ಟು ಎಥೆನಾಲ್ ಬೆರೆತದ್ದು) ಎಂಬ ಹೆಸರು ಕಂಡೊಡನೆ ಎಂಜಿನ್ನಿನ ಪ್ರತಿಯೊಂದು ಸದ್ದಿಗೂ ಅದನ್ನೇ ಹೊಣೆಮಾಡುವ ವಾಡಿಕೆ ಬೆಳೆಯುತ್ತಿದೆ. ನ್ಯಾಯವಾಗಿ ಹೇಳುವುದಾದರೆ ಬಡಿತದ ವಿಷಯದಲ್ಲಿ ಎಥೆನಾಲ್ ನಿರಪರಾಧಿ; ಅದು ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪುಮಾಡುವುದಲ್ಲದೆ ತಾನಾಗಿ ಹೊತ್ತಿಕೊಳ್ಳುವುದಕ್ಕೂ ಹಿಂಜರಿಯುವ ದ್ರವ್ಯ. ಆಕ್ಷೇಪಕ್ಕೆ ಆಸ್ಪದವಿರುವುದು ಮೈಲೇಜಿನಲ್ಲಿ ಮತ್ತು ಹಳೆಯ ಗಾಡಿಗಳ ರಬ್ಬರ್ ಭಾಗಗಳಲ್ಲಿ. ಇ10ಕ್ಕೆ ಹೊಂದಿಸಿದ ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ದೂರುವುದಾದರೆ ಅದನ್ನು ದೂರಬೇಕು.

> ಪೆಟ್ರೋಲಿನ ಅಂಕ
>
> ಬಡಿಯದೆ ಉರಿಯುವ ಶಕ್ತಿಗೆ ಆಕ್ಟೇನ್ ಅಂಕವೆಂದು ಹೆಸರು. ಐಸೋ ಆಕ್ಟೇನಿಗೆ 100, ಬೇಗ ಬಡಿಯುವ ಹೆಪ್ಟೇನಿಗೆ ಸೊನ್ನೆ. ನಮ್ಮಲ್ಲಿ ಸಾಮಾನ್ಯ ಬಿಎಸ್6 ಪೆಟ್ರೋಲಿಗೆ ಕನಿಷ್ಠ 91, ಇ20ಕ್ಕೆ 95. ಶುದ್ಧ ಎಥೆನಾಲಿನದು 108ರ ಆಸುಪಾಸು.
>
> ಸೀಮೆಎಣ್ಣೆಯ ಅಂಕ ತೀರ ಕೆಳಗಿನದು. ಕಲಬೆರಕೆಯ ಪೆಟ್ರೋಲು ಹಾಕಿಸಿದ ಗಾಡಿ ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೆಲ್ಲ ಏರಿನಲ್ಲಿ ಬಡಿಯುವುದು ಇದರಿಂದಲೇ.
>
> ಬಡಿಯದ ಎಂಜಿನ್ನಿಗೆ ಹೆಚ್ಚು ಅಂಕದ ದುಬಾರಿ ಪೆಟ್ರೋಲು ಹಾಕಿದರೆ ಹೆಚ್ಚುವರಿ ಶಕ್ತಿಯೇನೂ ಬಾರದು.

ಡೀಸೆಲಿನ ಮಾತೇ ಬೇರೆ

ಟ್ರ್ಯಾಕ್ಟರಿನ ಷೋರೂಮುಗಳೂ ಅಕ್ಕಿಗಿರಣಿಗಳೂ ಸಾಲುಗಟ್ಟಿರುವ ಸಿಂಧನೂರಿನಲ್ಲಿ ಡೀಸೆಲಿನ ಬಡಿತವು ಊರಿನ ಹಿನ್ನೆಲೆ ಸಂಗೀತವೆಂದೇ ಹೇಳಬೇಕು. ಇಲ್ಲಿ ಕಿಡಿಯ ಹಂಗಿಲ್ಲ. ಒತ್ತಡದಿಂದ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದಾಗ, ಅದು ಹೊತ್ತಿಕೊಳ್ಳಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡಮಾಡಿದರೂ, ಅಷ್ಟರಲ್ಲಿ ಶೇಖರವಾದ ಎಣ್ಣೆಯೆಲ್ಲ ಒಮ್ಮೆಲೇ ಉರಿದು ‘ಟಕ್’ ಎನ್ನುವುದು. ಆದುದರಿಂದ ಪೆಟ್ರೋಲು ಹೊತ್ತಿಕೊಳ್ಳಲು ತಡಮಾಡಬೇಕು, ಡೀಸೆಲು ತಡಮಾಡಬಾರದು. ಡೀಸೆಲಿನ ಈ ಚುರುಕನ್ನು ಅಳೆಯುವ ಸೀಟೇನ್ ಅಂಕ ನಮ್ಮಲ್ಲಿ ಕನಿಷ್ಠ 51 ಇರತಕ್ಕದ್ದು.

ಮುಂಜಾನೆಯ ತಂಪಿನಲ್ಲಿ ಗಡಸಾಗಿ ಬಡಿದು, ಬಿಸಿಯೇರಿದ ಮೇಲೆ ಮೃದುವಾಗುವ ಡೀಸೆಲ್ ಎಂಜಿನ್ನಿನ ಬಗ್ಗೆ ಚಿಂತಿಸಬೇಕಾದುದಿಲ್ಲ. ಬಿಸಿಯಾದ ಮೇಲೆಯೂ ಒಂದೇ ಸಿಲಿಂಡರು ಬಡಿಯುತ್ತ, ಹಿಂದೆ ಕರಿಯ ಅಥವಾ ಬಿಳಿಯ ಹೊಗೆ ಬರುತ್ತಿದ್ದರೆ ನಾಜಲ್ಲು ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆಯೆಂದು ಶಂಕಿಸಬೇಕು. ಅದನ್ನು ಬಿಚ್ಚಿ ಪಂಪಿನ ಅಂಗಡಿಯಲ್ಲಿ ಯಂತ್ರಕ್ಕೆ ಕಟ್ಟಿ ಪರೀಕ್ಷಿಸಿದರೆ ಸತ್ಯ ಹೊರಬೀಳುತ್ತದೆ.

ಹಳೆಯ ಟ್ರ್ಯಾಕ್ಟರಿನಲ್ಲಿ ಒಂದೊಂದೇ ಪೈಪಿನ ನಟ್ಟನ್ನು ಸಡಿಲಿಸಿ, ಯಾವ ಸಿಲಿಂಡರು ಮೌನವಾದಾಗ ಬಡಿತ ನಿಲ್ಲುವುದೆಂದು ನೋಡುವ ಪದ್ಧತಿಯುಂಟು. ಇದನ್ನು ಈಗಿನ ಕಾಮನ್ ರೈಲ್ ಕಾರಿನಲ್ಲಿ ಎಂದಿಗೂ ಮಾಡಕೂಡದು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಮಾಂಸಕ್ಕಿಳಿಯುತ್ತದೆ.

ಆಳದ ಸದ್ದು

ಇನ್ನು ನಿಜವಾಗಿ ಭಯಪಡಬೇಕಾದ ಬಡಿತಕ್ಕೆ ಬರೋಣ. ಇದು ಕಿಣಿಕಿಣಿಯಲ್ಲ, ಎಂಜಿನ್ನಿನ ಕೆಳಹೊಟ್ಟೆಯಿಂದ ಬರುವ ಮಂದ್ರವಾದ ದಡದಡ ಸದ್ದು. ನಿಂತಾಗಲೂ ಇರಬಹುದು, ವೇಗ ಏರಿಸಿದಂತೆ ಹೆಚ್ಚುವುದು, ಆಕ್ಸಿಲೇಟರಿನಿಂದ ಕಾಲು ತೆಗೆದ ಆ ಕ್ಷಣದಲ್ಲಿ ಮತ್ತಷ್ಟು ಸ್ಪಷ್ಟವಾಗುವುದು, ಎಂಜಿನ್ನು ಕಾದು ಆಯಿಲ್ ತೆಳುವಾದ ಮೇಲೆ ಉಲ್ಬಣಿಸುವುದು. ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿದಿರುವ ಬಿಗ್ ಎಂಡ್ ಬೇರಿಂಗು ಸವೆದಿದೆಯೆಂಬುದಕ್ಕೆ ಇದು ಲಕ್ಷಣ. ಆ ಎರಡು ಲೋಹಗಳ ನಡುವಣ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಅಷ್ಟು ಇಕ್ಕಟ್ಟಿನಲ್ಲಿ ಒತ್ತಡದಿಂದ ತುಂಬಿಕೊಂಡ ಆಯಿಲ್ಲಿನ ಪೊರೆಯ ಮೇಲೆಯೇ ಕ್ರ್ಯಾಂಕು ತೇಲುತ್ತ ತಿರುಗುತ್ತದೆ. ಪೊರೆ ಹರಿದರೆ ಲೋಹಕ್ಕೆ ಲೋಹ.

ಉಸ್ತಾದನು ಈ ಸದ್ದನ್ನು ಹುಡುಕುವ ರೀತಿಯನ್ನು ಹತ್ತಿರ ನಿಂತು ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಫ್ಯಾನು ಬೆಲ್ಟುಗಳಿಂದ ತೋಳನ್ನೂ ಹೆಗಲ ವಸ್ತ್ರವನ್ನೂ ದೂರವಿರಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಮೇಲೆ ಟ್ಯಾಪೆಟ್ಟಿನ ಕವರು, ನಡುವೆ ಬ್ಲಾಕು, ಕೆಳಗೆ ಸಂಪು, ಹೀಗೆ ಗೇಣು ಗೇಣಾಗಿ ಇಳಿಯುತ್ತಾನೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಕೆಲಸಕ್ಕಿಳಿಯುವವರು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಟೊಳ್ಳು ದನಿ ಬಂದೆಡೆ ಕಲ್ಲು ಸಡಿಲವಾಗಿದೆಯೆಂದು ಅರಿಯುವ ವಿದ್ಯೆಗೂ ಇದಕ್ಕೂ ದೂರವಿಲ್ಲ.

ಬಳಿಕ ಪೆಟ್ರೋಲ್ ಕಾರಾದರೆ ಒಂದೊಂದೇ ಇಗ್ನಿಷನ್ ಕಾಯಿಲಿನ ಕನೆಕ್ಟರನ್ನು ಕ್ಷಣಕಾಲ ತೆಗೆದು ನೋಡುವುದು. ಯಾವುದನ್ನು ತೆಗೆದಾಗ ಬಡಿತ ತಗ್ಗುವುದೋ ಆ ಸಿಲಿಂಡರಿನ ಬೇರಿಂಗೇ ಅಪರಾಧಿ. ಏಕೆಂದರೆ ಉರಿಯಿಲ್ಲದ ಪಿಸ್ಟನ್ನಿಗೆ ರಾಡನ್ನು ಕೆಳಕ್ಕೆ ಅಪ್ಪಳಿಸುವ ಬಲವಿಲ್ಲ. ತಗ್ಗದಿದ್ದರೆ ದೋಷ ಮೇನ್ ಬೇರಿಂಗಿನಲ್ಲಿರಬಹುದು, ಇಲ್ಲವೆ ಎಂಜಿನ್ನಿನ ಹೊರಗೇ ಇರಬಹುದು.

ಬೇರಿಂಗು ಸವೆಯಲು ನಮ್ಮ ಕಡೆ ಒಂದು ವಿಶೇಷ ಕಾರಣವನ್ನು ಕಾಣಬಹುದು. ಎರೆನೆಲದ ಹಳ್ಳಿದಾರಿಯಲ್ಲಿ ಗಾಲಿಯ ಜಾಡುಗಳ ನಡುವೆ ಎದ್ದ ದಿಂಡು, ಊರೂರಿನವರು ತಾವೇ ಹಾಕಿಕೊಂಡ ಹಂಪು, ಇವುಗಳಿಗೆ ತಳ ತಾಗಿ ಸಂಪು ನೆಗ್ಗುತ್ತದೆ. ಆಯಿಲ್ ಸೋರದಿದ್ದರೆ ಒಡೆಯನು ನಿಶ್ಚಿಂತನಾಗುವನು. ಆದರೆ ನೆಗ್ಗಿದ ತಗಡು ಒಳಗಿನ ಆಯಿಲ್ ಹೀರುವ ಜಾಲರಿಯ ಬಾಯಿಗೆ ಅಡ್ಡವಾಗಿ, ಗೇಜುಕಡ್ಡಿಯಲ್ಲಿ ಆಯಿಲ್ ತುಂಬ ತೋರುತ್ತಿದ್ದರೂ ಬೇರಿಂಗಿಗೆ ಅದು ತಲಪದೆ ಹೋಗುವುದು.

> ಕೆಂಪು ದೀಪ ಹೊತ್ತಿದರೆ
>
> ಆಯಿಲ್ ಕ್ಯಾನಿನ ಚಿತ್ರವುಳ್ಳ ಕೆಂಪು ದೀಪವು ಆಯಿಲ್ ಒತ್ತಡದ ಸೂಚಕ. ಅದು ಹೊತ್ತಿದ್ದಾಗ, ಅಥವಾ ಆಳದ ದಡದಡ ಕೇಳಿದಾಗ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಕೂಡಲೆ ಆರಿಸತಕ್ಕದ್ದು. ಗ್ಯಾರೇಜು ಎರಡೇ ಮೈಲಿ ಇದ್ದರೂ ಓಡಿಸಕೂಡದು. ಕಟ್ಟಿ ಎಳೆಯಿಸಿಕೊಂಡು ಹೋಗಬೇಕು. ಬೇರಿಂಗಿನಲ್ಲಿ ಮುಗಿಯುವ ಖರ್ಚು, ರಾಡು ಮುರಿದು ಬ್ಲಾಕನ್ನು ಒಡೆಯುವವರೆಗೆ ಬೆಳೆಯುವುದಕ್ಕೆ ಆ ದೂರವೇ ಸಾಕು.

ಚಿಕಿತ್ಸೆಯೂ ಹಂತಹಂತವಾದುದು. ಸಂಪನ್ನು ಇಳಿಸಿ ಆಯಿಲ್ಲಿನ ತಳದಲ್ಲಿ ಹೊಳೆಯುವ ಲೋಹದ ಪುಡಿಯಿದೆಯೇ ಎಂದು ನೋಡುವುದು. ಬೇರಿಂಗಿನ ಬಟ್ಟಲುಗಳನ್ನು ಬಿಚ್ಚಿ, ಬೆಳ್ಳಿಬಣ್ಣದ ಮೇಲ್ಪದರು ಸವೆದು ಕೆಳಗಿನ ತಾಮ್ರದ ಬಣ್ಣ ಕಾಣುತ್ತಿದೆಯೇ ಎಂದು ಪರೀಕ್ಷಿಸುವುದು. ಕ್ರ್ಯಾಂಕಿನ ಮೈ ನುಣುಪಾಗಿದ್ದು, ಮೈಕ್ರೋಮೀಟರಿನ ಅಳತೆಯೂ ಸರಿಯಿದ್ದರೆ ಹೊಸ ಬಟ್ಟಲುಗಳನ್ನು ಹಾಕಿ ಮುಗಿಸಬಹುದು. ಗೀರು ಬಿದ್ದಿದ್ದರೆ ಕ್ರ್ಯಾಂಕನ್ನು ಲೇತಿನ ಅಂಗಡಿಗೆ ಒಯ್ದು, 0.25 ಅಥವಾ 0.50 ಮಿಲಿಮೀಟರು ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗು ಕೂಡಿಸುವುದು. ಆಯಿಲ್ ಪಂಪನ್ನೂ ಜಾಲರಿಯನ್ನೂ ನೋಡದೆ ಬೇರಿಂಗನ್ನು ಮಾತ್ರ ಬದಲಿಸಿದವನು ರೋಗದ ಕಾರಣವನ್ನು ಒಳಗೇ ಬಿಟ್ಟು ಬೋಲ್ಟು ಬಿಗಿದಂತಾಯಿತು.

ಕಿಣಿಕಿಣಿ, ದಡದಡ ಇವೆರಡರ ನಡುವೆ, ಬಡಿತದ ವೇಷ ಧರಿಸಿ ಬರುವ ಸಣ್ಣಪುಟ್ಟ ಸದ್ದುಗಳಿಗೆ ಲೆಕ್ಕವಿಲ್ಲ. ಮೇಲ್ಭಾಗದ ಹಗುರವಾದ ಟಿಕಟಿಕ ಟ್ಯಾಪೆಟ್ಟಿನದು. ಕ್ಯಾಮ್‌ಶಾಫ್ಟು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, 800 ಸುತ್ತಿನ ಐಡ್ಲಿಂಗಿನಲ್ಲಿ ಒಂದು ಟ್ಯಾಪೆಟ್ಟು ಸೆಕೆಂಡಿಗೆ ಆರೇಳು ಸಲ ಮಾತ್ರ ಬಡಿದರೆ, ಕ್ರ್ಯಾಂಕಿನ ಸುತ್ತಿಗೊಮ್ಮೆ ಬಡಿಯುವ ದೋಷವು ಹದಿಮೂರು ಸಲ ಬಡಿಯುವುದು. ತಂಪಿನಲ್ಲಿ ಪಟಪಟ ಎಂದು ಬಿಸಿಯಲ್ಲಿ ಅಡಗುವುದು ಪಿಸ್ಟನ್ ಸವೆತದ್ದು. ಸೈಲೆನ್ಸರಿನ ಜೋಡಣೆಯಲ್ಲಿ ಹೊಗೆ ಸೋರಿದರೂ ಟಪಟಪ ಎನ್ನುವುದು. ಸಡಿಲವಾದ ಒಂದು ತಗಡು ಒಡೆಯನನ್ನು ತಿಂಗಳುಗಟ್ಟಲೆ ಹೆದರಿಸಿದ ಪ್ರಸಂಗಗಳೂ ಉಂಟು.

ಸದ್ದನ್ನು ಅಡಗಿಸುವುದು ಬೇರೆ, ದೋಷವನ್ನು ನಿವಾರಿಸುವುದು ಬೇರೆ. ಗಟ್ಟಿಯಾದ ಆಯಿಲ್ ಸುರಿದು, ಮೇಲೊಂದು ಡಬ್ಬಿ ಔಷಧಿ ಬೆರೆಸಿ, ಬಡಿತವನ್ನು ನಾಲ್ಕು ದಿನ ಮುಚ್ಚಿಟ್ಟು ಗಾಡಿಯನ್ನು ಮಾರಿಬಿಡುವ ಉಪಾಯವು ಎಲ್ಲ ಊರುಗಳಲ್ಲೂ ಇದೆ. ಹಳೆಯ ಕಾರು ಕೊಳ್ಳುವವರು ಅದನ್ನು ತಣ್ಣಗಿರುವಾಗಲೇ ತಾವೇ ಚಾಲೂ ಮಾಡಿ, ಅರ್ಧ ಗಂಟೆ ಓಡಿಸಿ, ಪೂರ್ತಿ ಕಾದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಕಿವಿಗೊಡತಕ್ಕದ್ದು. ಮೊದಲೇ ಬಿಸಿಮಾಡಿಟ್ಟ ಎಂಜಿನ್ನನ್ನು ತೋರಿಸುವವನಿಗೆ ನಮಸ್ಕಾರ ಹೇಳಿ ಬರುವುದೇ ಲೇಸು.

ಈಚಿನ ಪೆಟ್ರೋಲ್ ಕಾರುಗಳಲ್ಲಿ ಉಸ್ತಾದನ ಈ ವಿದ್ಯೆಗೆ ಹೊಸದೊಂದು ತೊಡಕು ಬಂದಿದೆ. ಬ್ಲಾಕಿನ ಮೈಗೆ ಬೋಲ್ಟಿನಿಂದ ಬಿಗಿದ ನಾಕ್ ಸೆನ್ಸರು, ಮನುಷ್ಯನ ಕಿವಿಗೆ ಬೀಳುವುದಕ್ಕೆ ಮೊದಲೇ ಕಿಣಿಕಿಣಿಯ ಕಂಪನವನ್ನು ಗ್ರಹಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಕಿಡಿಯ ಹೊತ್ತನ್ನು ಕೆಲವು ಡಿಗ್ರಿ ಹಿಂದಕ್ಕೆ ಸರಿಸಿ ಬಡಿತವನ್ನು ಅಡಗಿಸುತ್ತದೆ. ರೇಡಿಯೇಟರಿನ ಹೊಟ್ಟು, ಕಲಬೆರಕೆಯ ಪೆಟ್ರೋಲು, ಪಿಸ್ಟನ್ನಿನ ಮೇಲಣ ಮಸಿ ಎಲ್ಲವೂ ಇದ್ದಲ್ಲಿಯೇ ಇರುತ್ತವೆ, ಸದ್ದೊಂದು ಮಾತ್ರ ಇಲ್ಲ. ಅಂಥ ಕಾರಿನ ಒಡೆಯನು ಗ್ಯಾರೇಜಿಗೆ ಬಂದು ಬಡಿತದ ದೂರು ಹೇಳುವುದಿಲ್ಲ. “ಪಿಕಪ್ ಇಲ್ರಿ, ಏರಿನ್ಯಾಗ ಜಗ್ಗಂಗಿಲ್ಲ, ಎಣ್ಣಿ ಭಾಳ ಕುಡಿತೈತಿ” ಎನ್ನುತ್ತಾನೆ. ಕ್ಲಚ್ಚು ಬದಲಿಸಲು ಹೊರಟವನು ಸ್ಕ್ಯಾನರ್ ಹಚ್ಚಿ, ಏರಿನಲ್ಲಿ ಕಿಡಿಯ ಹೊತ್ತು ಎಷ್ಟು ಹಿಂದೆ ಸರಿಯುತ್ತಿದೆಯೆಂದು ಓದಿ, ಆ ಮೇಲೆ ಪಾನಾಕ್ಕೆ ಕೈಹಾಕಬೇಕು.